ಪಟದ ಮೇಲಿನ ಅನ್ಯಪಡೆ: ಹುಲಿ-ಕುರಿ ಆಟ ಮತ್ತು ಜೀನ್‌ಸ್ಟೀಲರ್ ಸೈನ್ಯದ ತೌಲನಿಕ ವಿವೇಚನೆ

ಪಟದಾಟಗಳ ವಿಚಾರ ಬಂದಾಗ ವಿದ್ವಾಂಸರಿಗೆ ಚದುರಂಗ ಮತ್ತು ಪಗಡೆಗಳೇ ಮೊದಲು ನೆನಪಾಗುವುದು ಸಹಜ. ಒಂದಕ್ಕೆ ಅರಮನೆಯ ಆಶ್ರಯ ದೊರೆತಿದೆ, ಇನ್ನೊಂದರ ಹಿಂದೆ ಮಹಾಭಾರತದ ಸಭಾಪರ್ವವಿದೆ. ಇದ್ದಿಲಿನಿಂದಲೋ ಸುಣ್ಣದ ಚೂರಿನಿಂದಲೋ ನೆಲದ ಮೇಲೆ ಗೆರೆ ಎಳೆದು ಆಡುವ ಹುಲಿ-ಕುರಿ ಆಟಕ್ಕೆ ಇವೆರಡರ ಬಲವೂ ಇಲ್ಲ. ಮಕ್ಕಳ ವಿನೋದ, ದನಗಾಹಿಗಳ ಕಾಲಕ್ಷೇಪ ಎಂಬ ಶೀರ್ಷಿಕೆಯಡಿ ಅದನ್ನು ಪಟ್ಟಿಮಾಡಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಆದರೆ ಒಂದು ವಿಷಯದಲ್ಲಿ ಈ ಹಳ್ಳಿಯಾಟ ಚದುರಂಗ ಎಂದೂ ಕೇಳದ ಪ್ರಶ್ನೆಯೊಂದನ್ನು ಕೇಳಿದೆ. ಎದುರಾಳಿಯು ತನ್ನಂತೆಯೇ ಇರುವವನಲ್ಲದೆ ಬೇರೊಂದು ಜೀವಜಾತಿಗೆ ಸೇರಿದ್ದರೆ ಯುದ್ಧದ ಸ್ವರೂಪವೇನಾಗುತ್ತದೆ ಎಂಬುದೇ ಆ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮೇಜಿನ ಮೇಲಿನ ಕಿರುಗೊಂಬೆ ಯುದ್ಧಕ್ರೀಡೆಯು ಅನ್ಯಗ್ರಹದ ಸೈನ್ಯಗಳನ್ನು ಕಟ್ಟತೊಡಗಿದಾಗ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಆ ಸೈನ್ಯಗಳಲ್ಲಿ ಮೊದಮೊದಲಿನದೊಂದಾದ ಜೀನ್‌ಸ್ಟೀಲರ್ ಪಡೆಯನ್ನು ಹುಲಿ-ಕುರಿ ಆಟದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಬಗೆಗೂ ಕೆಲವು ಹೊಸ ಸಂಗತಿಗಳು ಹೊಳೆಯುತ್ತವೆ.

ಕಿರುಗೊಂಬೆ ಯುದ್ಧಕ್ರೀಡೆಯ ಪರಿಚಯ ಇಲ್ಲಿ ಸಂಕ್ಷೇಪವಾಗಿ ಅವಶ್ಯ. ಸುಮಾರು ಒಂದು ಅಂಗುಲ ಎತ್ತರದ, ಲೋಹದ ಅಥವಾ ಪ್ಲಾಸ್ಟಿಕ್ಕಿನ ಯೋಧರ ಗೊಂಬೆಗಳನ್ನು ಆಟಗಾರರೇ ಜೋಡಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ಮರ, ಪಾಳುಗೋಡೆಗಳ ಪ್ರತಿಕೃತಿಗಳನ್ನಿಟ್ಟು, ಅಳತೆಯ ಪಟ್ಟಿ ಹಾಗೂ ದಾಳಗಳ ನೆರವಿನಿಂದ ಯುದ್ಧ ನಡೆಸುವ ಆಟವಿದು. ಇಲ್ಲಿ ಮನೆಗಳಿಲ್ಲ, ಎಷ್ಟು ಅಂಗುಲ ನಡೆಯಬಹುದೆಂಬ ಲೆಕ್ಕವಿದೆ. 1824ರ ಹೊತ್ತಿಗೆ ಪ್ರಷ್ಯದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗಾಗಿ ಸ್ವೀಕರಿಸಿದ ರೈಸ್‌ವಿಟ್ಸನ ಯುದ್ಧಕ್ರೀಡೆಯಲ್ಲಿ ಇದರ ಒಂದು ಬೇರಿದೆ. 1913ರಲ್ಲಿ ಎಚ್. ಜಿ. ವೆಲ್ಸ್ ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಇನ್ನೊಂದು ಬೇರಿದೆ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹವ್ಯಾಸವಾಗಿ ಬೇರೂರಿದ ಈ ಆಟ, 1987ರಲ್ಲಿ ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ ಹೊರತಂದ, ರಿಕ್ ಪ್ರೀಸ್ಟ್‌ಲಿ ರಚಿಸಿದ ‘ವಾರ್‌ಹ್ಯಾಮರ್ 40,000: ರೋಗ್ ಟ್ರೇಡರ್’ ಎಂಬ ಗ್ರಂಥದೊಂದಿಗೆ ಅಂತರಿಕ್ಷಕ್ಕೆ ಏರಿತು.

ಚದುರಂಗದಲ್ಲಿ ಅನ್ಯನಿಲ್ಲ. ಎರಡೂ ಕಡೆ ಅದೇ ರಾಜ, ಅದೇ ಮಂತ್ರಿ, ಅದೇ ಆನೆ, ಕುದುರೆ, ಒಂಟೆ, ಪದಾತಿಗಳು, ಬಣ್ಣವೊಂದೇ ಭೇದ. ಇದು ಆಟದ ನ್ಯಾಯಬುದ್ಧಿಯೂ ಹೌದು, ಅದರ ಮಿತಿಯೂ ಹೌದು. ಒಂದೇ ಕುಲದ ಇಬ್ಬರು ಅರಸರ ನಡುವಣ ಕಲಹವನ್ನು ಅದು ಅತ್ಯಂತ ಸಮರ್ಪಕವಾಗಿ ತೋರಿಸಬಲ್ಲದು, ಅದಕ್ಕಿಂತ ಆಚೆಗೆ ಹೋಗಲಾರದು. ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ಬೆಹರಾಂಪುರದ ದಂತಶಿಲ್ಪಿಗಳು ಕೆತ್ತಿದ, ‘ಜಾನ್ ಕಂಪನಿ’ ಎಂದು ಸಂಗ್ರಾಹಕರು ಕರೆಯುವ ಚದುರಂಗದ ಕಾಯಿಗಳಲ್ಲಿ ಈ ಮಿತಿ ಕಣ್ಣಿಗೆ ರಾಚುತ್ತದೆ. ಅಲ್ಲಿ ಒಂದು ಪಕ್ಷ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ಇನ್ನೊಂದು ದೇಶೀಯ ಅರಸನ ಪಡೆ. ಪರದೇಶದ ಸೈನ್ಯವನ್ನು ಪಟದ ಮೇಲೆ ತಂದ ಈ ಶಿಲ್ಪಿಗಳು ಟೋಪಿ, ಅಂಗಿ, ಬಂದೂಕುಗಳಲ್ಲಿ ಅದರ ಅನ್ಯತ್ವವನ್ನು ಸೂಕ್ಷ್ಮವಾಗಿ ಕಂಡರಿಸಿದರು. ಆದರೆ ಆಟ ಆರಂಭವಾದೊಡನೆ ಆ ಅನ್ಯತ್ವ ಕರಗಿಹೋಗುತ್ತದೆ. ಕಂಪನಿಯ ಪದಾತಿಯೂ ಅರಸನ ಪದಾತಿಯೂ ಒಂದೊಂದೇ ಮನೆ ಮುಂದಿಡುತ್ತಾರೆ. ಇತಿಹಾಸವೂ ಇದಕ್ಕೆ ತೀರ ದೂರವಿರಲಿಲ್ಲವೆನ್ನಬೇಕು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಬೊಂಬಾಯಿ ಸೈನ್ಯ ಹೊನ್ನಾವರವನ್ನು ಹಿಡಿದಾಗ ಎರಡೂ ಕಡೆಗಳಲ್ಲಿ ಬಂದೂಕು ಹಿಡಿದು ಕವಾಯತು ಕಲಿತ ಸಿಪಾಯಿಗಳೇ ಇದ್ದರು. ಹೊರಗಿನವನೆಂಬುದು ಆಗ ರಾಜಕೀಯ ಸತ್ಯವಾಗಿತ್ತು, ಯುದ್ಧದ ವಿಧಾನದಲ್ಲಿ ಅಂಥ ಅಂತರ ಕಡಿಮೆ.

ವೆಲ್ಸನ ಸಂದರ್ಭ ಇನ್ನೂ ಕುತೂಹಲಕರವಾದುದು. ಮಂಗಳಗ್ರಹದ ಜೀವಿಗಳು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುವ ಕಥೆಯನ್ನು 1898ರಲ್ಲಿ ಪುಸ್ತಕರೂಪದಲ್ಲಿ ಜಗತ್ತಿಗೆ ಕೊಟ್ಟ ಲೇಖಕ ಆತ. ಹದಿನೈದು ವರ್ಷಗಳ ತರುವಾಯ ಆಟಿಕೆಯ ಸೈನಿಕರ ಯುದ್ಧಕ್ಕೆ ನಿಯಮ ಬರೆಯಲು ಕುಳಿತಾಗ ಆತ ಆ ಜೀವಿಗಳನ್ನು ಒಳಗೆ ಬಿಡಲಿಲ್ಲ. ‘ಲಿಟ್ಲ್ ವಾರ್ಸ್’ನಲ್ಲಿ ಎದುರಾಗುವುದು ಸಮಬಲದ, ಒಂದೇ ಬಗೆಯ ಎರಡು ಮಾನವಸೈನ್ಯಗಳು, ಮರದ ಗುಂಡು ಹಾರಿಸುವ ಸ್ಪ್ರಿಂಗಿನ ಫಿರಂಗಿಗಳೂ ಇಬ್ಬರಿಗೂ ಸಮ. ಕಾದಂಬರಿಕಾರನ ಕಲ್ಪನೆಗೆ ನಿಲುಕಿದ್ದು ನಿಯಮಕಾರನ ಕೈಗೆ ಸಿಗಲಿಲ್ಲ. ಇದನ್ನು ವೆಲ್ಸನ ದೌರ್ಬಲ್ಯವೆಂದು ಭಾವಿಸುವುದು ತಪ್ಪಾಗುತ್ತದೆ. ಕಥೆಯಲ್ಲಿ ಅನ್ಯನನ್ನು ವರ್ಣಿಸಿದರೆ ಸಾಕು. ಆಟದಲ್ಲಾದರೋ ಒಬ್ಬ ಮನುಷ್ಯ ಆ ಅನ್ಯನಾಗಿ ಕುಳಿತು ಯೋಚಿಸಬೇಕು, ಗೆಲ್ಲಲು ಯತ್ನಿಸಬೇಕು, ಗೆಲ್ಲುವ ಸಾಧ್ಯತೆಯೂ ಅವನಿಗಿರಬೇಕು. ಆ ಕಷ್ಟ ಕಥೆಗಾರನಿಗಿಲ್ಲ.

‘ರೋಗ್ ಟ್ರೇಡರ್’ ಗ್ರಂಥವೂ ಮೊದಲಿಗೆ ಈ ಕಷ್ಟವನ್ನು ಬಳಸಿಕೊಂಡೇ ಹೋಯಿತು. ಅದರಲ್ಲಿ ಅನ್ಯಜೀವಿಗಳಿಗೆ ಕೊರತೆಯಿಲ್ಲ: ಎಲ್ಡಾರ್, ಆರ್ಕ್, ಸ್ಲಾನ್, ಜೋಟ್, ಟಿರಾನಿಡ್, ಜೀನ್‌ಸ್ಟೀಲರ್. ಆದರೆ ಇವೆಲ್ಲವೂ ಒಂದೇ ಅಚ್ಚಿನ ಅಂಕಿಗಳ ಸಾಲಿನಲ್ಲಿ ಬಂದು ನಿಲ್ಲುತ್ತವೆ. ನಡೆ, ಆಯುಧಕೌಶಲ, ಗುರಿಕೌಶಲ, ಬಲ, ತಾಳಿಕೆ, ಗಾಯ, ಚುರುಕು ಎಂಬ ಗುಣಗಳಿಗೆ ಒಂದೊಂದು ಅಂಕಿ. ಮನುಷ್ಯನಿಗೆ ಮೂರಿದ್ದಲ್ಲಿ ಬೇರೊಬ್ಬನಿಗೆ ನಾಲ್ಕು ಅಥವಾ ಆರು. ಜೀನ್‌ಸ್ಟೀಲರ್‌ಗೆ ಅಲ್ಲಿ ದೊರೆತ ಸ್ಥಳ ಅತ್ಯಲ್ಪ. ಯ್ಮ್‌ಗಾರ್ಲ್ ಎಂಬ ಗ್ರಹದ ಉಪಗ್ರಹಗಳಿಂದ ಬಂದ, ನಾಲ್ಕು ತೋಳುಗಳ, ಉಗುರುಗಳೇ ಆಯುಧವಾದ ಪ್ರಾಣಿ ಅದು. 1979ರ ‘ಏಲಿಯನ್’ ಮತ್ತು 1986ರ ‘ಏಲಿಯನ್ಸ್’ ಚಲನಚಿತ್ರಗಳ ಜೀವಿಯೊಂದಿಗೆ ಇದರ ಸಾಮ್ಯ ಯಾರಿಗೂ ಮರೆಯಾದುದಲ್ಲ. ರೂಪವನ್ನು ಚಿತ್ರರಂಗದಿಂದ ಪಡೆದ ಈ ಜೀವಿಗೆ ಆಟದಲ್ಲಿ ತನ್ನದೇ ನಡೆ ಇನ್ನೂ ದೊರೆತಿರಲಿಲ್ಲ. ಬೆಹರಾಂಪುರದ ದಂತದ ಸಿಪಾಯಿಯಂತೆ ಇದೂ ವೇಷದಲ್ಲಿ ಮಾತ್ರ ಅನ್ಯ.

ಹುಲಿ-ಕುರಿ ಆಟದ ಕಡೆಗೆ ಇಲ್ಲಿ ತಿರುಗಬೇಕು. ಕರ್ನಾಟಕದಲ್ಲಿ ಆಡು-ಹುಲಿ ಎಂಬ ಹೆಸರಿನಿಂದಲೂ ಪ್ರಚಲಿತವಾದ, ತಮಿಳು ಮತ್ತು ತೆಲುಗು ನಾಡುಗಳಲ್ಲಿಯೂ ಹರಡಿಕೊಂಡಿರುವ ಈ ಆಟಕ್ಕೆ ಪ್ರದೇಶದಿಂದ ಪ್ರದೇಶಕ್ಕೆ ಪಾಠಾಂತರಗಳಿವೆ. ಬಹುವ್ಯಾಪಕವಾದ ರೂಪದಲ್ಲಿ ಪಟವು ತ್ರಿಕೋನಾಕಾರದ್ದು. ಶಿಖರದಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸಿ ಇಪ್ಪತ್ತಮೂರು ಮನೆಗಳಾಗುತ್ತವೆ. ಹುಲಿಗಳು 3, ಕುರಿಗಳು 15. ಹುಲಿಗಳು ಶಿಖರದ ಬಳಿ ಮೊದಲೇ ಕುಳಿತಿರುತ್ತವೆ. ಕುರಿಗಳು ಒಂದೊಂದಾಗಿ ಹೊರಗಿನಿಂದ ಪಟವನ್ನು ಪ್ರವೇಶಿಸುತ್ತವೆ. ಹದಿನೈದೂ ಇಳಿಯುವವರೆಗೆ ಯಾವ ಕುರಿಯೂ ಇಟ್ಟಲ್ಲಿಂದ ಕದಲುವಂತಿಲ್ಲ. ಹುಲಿಯಾದರೋ ಮೊದಲಿನಿಂದಲೇ ಚಲಿಸುತ್ತದೆ, ಪಕ್ಕದ ಕುರಿಯ ಆಚೆಗಿನ ಮನೆ ಬರಿದಿದ್ದರೆ ಜಿಗಿದು ಅದನ್ನು ತಿನ್ನುತ್ತದೆ. ಕುರಿಗೆ ಕೊಲ್ಲುವ ಶಕ್ತಿಯೇ ಇಲ್ಲ. ಒತ್ತೊತ್ತಾಗಿ ನಿಂತು, ಬರಿದಾದ ಮನೆಗಳನ್ನು ತುಂಬಿ, ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಮಾಡುವುದೇ ಅದರ ಗೆಲುವು. ಆಡುವವರ ಮಾತಿನಲ್ಲಿ ಇದಕ್ಕೆ ‘ಹುಲಿ ಕಟ್ಟುವುದು’ ಎನ್ನುತ್ತಾರೆ. ಈ ಕ್ರಿಯಾಪದ ಗಮನಾರ್ಹವಾದುದು. ಆಟ ಮುಗಿದಾಗ ಮೂರು ಹುಲಿಗಳೂ ಜೀವಂತವಾಗಿಯೇ ಪಟದ ಮೇಲಿರುತ್ತವೆ.

ಕಾಯಿಗಳ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಹುಣಸೆಬೀಜ, ಕವಡೆ, ಬಳೆಚೂರು, ಹೊಳೆಯ ಹರಳು, ಕೈಗೆ ಸಿಕ್ಕಿದ್ದು ಕುರಿಯಾಗುತ್ತದೆ. ಅದಕ್ಕಿಂತ ತುಸು ದೊಡ್ಡದು ಹುಲಿಯಾಗುತ್ತದೆ. ಹುಲಿಗೆ ಪಟ್ಟೆಯಿಲ್ಲ, ಕೋರೆಯಿಲ್ಲ, ಬಾಲವಿಲ್ಲ. ಹಂಪಿಯ ದೇವಾಲಯಗಳ ನೆಲಗಲ್ಲುಗಳಲ್ಲಿ ಕೊರೆದ ಆಟದ ಪಟಗಳು ಇಂದಿಗೂ ಕಾಣಸಿಗುತ್ತವೆ, ಆದರೆ ಅವುಗಳ ಮೇಲೆ ಆಡಿದ ಕಾಯಿಗಳು ಎಂದೋ ಚೆಲ್ಲಿಹೋಗಿವೆ, ಏಕೆಂದರೆ ಅವು ಕಾಯ್ದಿಡಬೇಕಾದ ವಸ್ತುಗಳೇ ಆಗಿರಲಿಲ್ಲ. ಇದರಿಂದ ಸಿದ್ಧವಾಗುವ ಸಂಗತಿಯೊಂದಿದೆ. ರೂಪದ ಲವಲೇಶದ ನೆರವಿಲ್ಲದೆ, ಬರಿಯ ನಿಯಮದ ಬಲದಿಂದಲೇ ಒಂದು ಕಲ್ಲು ಇನ್ನೊಂದು ಕಲ್ಲಿಗೆ ಅನ್ಯವಾಗಬಲ್ಲದು. ಸಂಖ್ಯೆ ಬೇರೆ, ನಡೆ ಬೇರೆ, ಗೆಲುವಿನ ಅರ್ಥ ಬೇರೆ. ದಂತದ ಸಿಪಾಯಿಯಲ್ಲಿ ಇಲ್ಲದ ಅನ್ಯತ್ವ ಹುಣಸೆಬೀಜದಲ್ಲಿದೆ.

ಇಂಗ್ಲಿಷ್ ಯುದ್ಧಕ್ರೀಡೆ ಈ ತಿಳಿವಳಿಕೆಗೆ ಬಂದುದು ಮೆಲ್ಲಮೆಲ್ಲನೆ. 1976ರಲ್ಲಿ ಅಮೆರಿಕದ ಅವಲಾನ್ ಹಿಲ್ ಸಂಸ್ಥೆ ಹೈನ್‌ಲೈನನ ಕಾದಂಬರಿಯನ್ನು ಆಧರಿಸಿ ತಂದ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಪಟದಾಟದಲ್ಲಿ, ಜೇಡದಂಥ ಶತ್ರುಗಳು ನೆಲದಡಿಯ ಸುರಂಗಗಳಲ್ಲಿ ಗುಟ್ಟಾಗಿ ಚಲಿಸುತ್ತಿದ್ದವು. ಅಲ್ಲಿದ್ದುದು ರಟ್ಟಿನ ಬಿಲ್ಲೆಗಳು. ಗೊಂಬೆಯ ರೂಪವನ್ನೂ ನಿಯಮದ ಅನ್ಯತ್ವವನ್ನೂ ಒಂದುಗೂಡಿಸಿ, ಜೀನ್‌ಸ್ಟೀಲರ್‌ಗೆ ಅದರದೇ ನಡೆಯನ್ನು ಕೊಟ್ಟದ್ದು 1989ರ ‘ಸ್ಪೇಸ್ ಹಲ್ಕ್’. ರಿಚರ್ಡ್ ಹ್ಯಾಲಿವೆಲ್ ವಿನ್ಯಾಸಗೊಳಿಸಿದ ಈ ಆಟ, ಅಂತರಿಕ್ಷದಲ್ಲಿ ತೇಲುವ ಪಾಳುಹಡಗಿನ ಇಕ್ಕಟ್ಟಾದ ಓಣಿಗಳಲ್ಲಿ ನಡೆಯುತ್ತದೆ. ಒಂದು ಕಡೆ ಭಾರವಾದ ಕವಚ ತೊಟ್ಟ ಬೆರಳೆಣಿಕೆಯ ಟರ್ಮಿನೇಟರ್ ಯೋಧರು, ಇನ್ನೊಂದು ಕಡೆ ಮೇಲಿಂದ ಮೇಲೆ ಬರುತ್ತಲೇ ಇರುವ ಜೀನ್‌ಸ್ಟೀಲರ್‌ಗಳು. ಯೋಧನಿಗೆ ಒಂದು ಸರದಿಯಲ್ಲಿ 4 ಕ್ರಿಯಾಂಕಗಳು, ಜೀನ್‌ಸ್ಟೀಲರ್‌ಗೆ 6. ಯೋಧನ ಕೈಯಲ್ಲಿ ದೂರಕ್ಕೆ ಹಾರುವ ಗುಂಡಿದೆ. ಜೀನ್‌ಸ್ಟೀಲರ್‌ಗೆ ಮೈಮೇಲೆ ಬೀಳುವುದಷ್ಟೇ ಗೊತ್ತು. ಆದರೆ ಮೈಮೇಲೆ ಬಿದ್ದಾಗ ಅದಕ್ಕೆ ಮೂರು ದಾಳ, ಸಾಮಾನ್ಯ ಯೋಧನಿಗೆ ಒಂದು. ಯೋಧರ ಪಕ್ಷದವನ ತಲೆಯ ಮೇಲೆ ಗಡಿಯಾರದ ಮಿತಿಯಿದೆ, ಎದುರಾಳಿಗೆ ಅದಿಲ್ಲ. ಒಬ್ಬನಿಗೆ ಕಾಲ ಕಡಿಮೆ, ಇನ್ನೊಬ್ಬನಿಗೆ ಕಾಲವೇ ಇಲ್ಲ ಎಂಬಂತೆ. ಅನ್ಯತ್ವವನ್ನು ಕಾಲದ ಅನುಭವಕ್ಕೂ ವಿಸ್ತರಿಸಿದ ಈ ಒಂದು ನಿಯಮಕ್ಕಾಗಿಯಾದರೂ ಹ್ಯಾಲಿವೆಲ್ಲನನ್ನು ದೊಡ್ಡ ವಿನ್ಯಾಸಕಾರರ ಸಾಲಿನಲ್ಲಿ ಎಣಿಸಬೇಕು.

ಹುಲಿ-ಕುರಿ ಆಟದೊಂದಿಗಿನ ಹೋಲಿಕೆ ಇಲ್ಲಿ ಸ್ಪಷ್ಟವಾಗುತ್ತದೆ, ಜೊತೆಗೆ ವಿಪರ್ಯಾಸವೂ. ನಮ್ಮ ಆಟದಲ್ಲಿ ಕೆಲವೇ ಕೆಲವು ಇರುವುದು ಹುಲಿ, ಅದೇ ಬೇಟೆಗಾರ. ಇಂಗ್ಲಿಷ್ ಆಟದಲ್ಲಿ ಬೇಟೆಗಾರನೇ ಅಸಂಖ್ಯ. ಬಲಿಷ್ಠನಾದವನು ಅಲ್ಪಸಂಖ್ಯಾತ ಹಾಗೂ ಬೇಟೆ. ಹುಲಿಯ ಕೋರೆಯನ್ನು ಕುರಿಯ ಸಂಖ್ಯೆಗೆ ಜೋಡಿಸಿದಂತಾಗಿದೆ. ಸಂಖ್ಯೆಯ ಬಗೆಗಿನ ಈ ಭಾವಭೇದ ಅಲಕ್ಷಿಸತಕ್ಕದ್ದಲ್ಲ. ಹಳ್ಳಿಯ ಆಟಗಾರನಿಗೆ ಹಲವರು ಎಂದರೆ ಊರು, ಒಕ್ಕಲು, ತನ್ನವರು. ಸಾಮ್ರಾಜ್ಯ ಕಳೆದುಕೊಂಡ ದೇಶವೊಂದರ ಹವ್ಯಾಸಿಗಳಿಗೆ ಹಲವರು ಎಂದರೆ ಭಯ, ಕೆಲವರು ಎಂದರೆ ತಾವು. ಇದನ್ನು ಒಂದು ಆಟದ ಮೇಲೆ ಹೇರಿದ ಅತಿವ್ಯಾಖ್ಯಾನವೆಂದು ಕೆಲವರಿಗೆ ತೋರಬಹುದು. ಆದರೆ ಮುತ್ತಿಗೆಗೆ ಸಿಕ್ಕ ಕೆಲವೇ ಬಿಳಿಯ ಸೈನಿಕರು ಅಸಂಖ್ಯ ಶತ್ರುಗಳನ್ನು ಎದುರಿಸುವ ಚಿತ್ರ ಬ್ರಿಟಿಷ್ ಸಾಹಿತ್ಯ ಮತ್ತು ಸಿನಿಮಾಗಳಲ್ಲಿ ಅದೆಷ್ಟು ಬಾರಿ ಬಂದಿದೆ ಎಂಬುದನ್ನು ನೆನೆದರೆ ಸಂದೇಹ ಉಳಿಯಲಾರದು.

‘ಸ್ಪೇಸ್ ಹಲ್ಕ್’ನ ಇನ್ನೊಂದು ಕೌಶಲ ಅಡಗಿಸುವುದರಲ್ಲಿದೆ. ಜೀನ್‌ಸ್ಟೀಲರ್‌ಗಳು ಮೊದಲು ಗೊಂಬೆಗಳಾಗಿ ಬರುವುದಿಲ್ಲ. ಸಂಖ್ಯೆಯನ್ನು ಅಡಿಯಲ್ಲಿ ಮುಚ್ಚಿಟ್ಟುಕೊಂಡ ದುಂಡು ಬಿಲ್ಲೆಗಳಾಗಿ ಬರುತ್ತವೆ. ಯೋಧನ ದೃಷ್ಟಿಗೆ ಬಿದ್ದಾಗಲಷ್ಟೇ ಬಿಲ್ಲೆ ಮಗುಚಿ, ಎಷ್ಟಿವೆಯೆಂಬುದು ಬಯಲಾಗಿ, ಗೊಂಬೆಗಳು ಓಣಿಯಲ್ಲಿ ನಿಲ್ಲುತ್ತವೆ. ಕುಮಟಾ-ಹೊನ್ನಾವರ ಸೀಮೆಯ ಪ್ರೇಕ್ಷಕನಿಗೆ ಇದು ಅಪರಿಚಿತವಾದ ತಂತ್ರವಲ್ಲ. ಯಕ್ಷಗಾನದಲ್ಲಿ ರಕ್ಕಸನ ಬಣ್ಣದ ವೇಷ ರಂಗಕ್ಕೆ ಬರುವಾಗ ಮೊದಲು ತೆರೆ ಹಿಡಿಯುತ್ತಾರೆ. ಆ ತೆರೆಯ ಆಚೆಗೆ ಅಬ್ಬರ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಚಂಡೆಯ ಪೆಟ್ಟಿಗೆ ಸರಿಯಾಗಿ ವೇಷ ಒಂದಿಷ್ಟೊಂದಿಷ್ಟಾಗಿ ಬಯಲಾಗುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲವಾದ ಹೊನ್ನಾವರ ತಾಲೂಕು, ಅದರ ನೆರೆಯ ಕುಮಟಾ, ಬಡಗುತಿಟ್ಟಿನ ಈ ದೃಶ್ಯಭಾಷೆಯಲ್ಲಿ ಬೆಳೆದ ಸೀಮೆಗಳು. ಆದರೆ ಬಿಲ್ಲೆಯ ಆಚೆಗೂ ತೆರೆಯ ಆಚೆಗೂ ಒಂದು ಮುಖ್ಯ ಅಂತರವಿದೆ. ತೆರೆ ಸರಿದ ಮೇಲೆ ರಕ್ಕಸ ತನ್ನ ಒಡ್ಡೋಲಗ ನಡೆಸುತ್ತಾನೆ, ತಾನಾರೆಂದು ಹೇಳಿಕೊಳ್ಳುತ್ತಾನೆ, ಭಾಗವತನೊಂದಿಗೆ ಸಂವಾದಿಸುತ್ತಾನೆ. ಬಿಲ್ಲೆ ಮಗುಚಿದ ಮೇಲೆ ಜೀನ್‌ಸ್ಟೀಲರ್‌ಗೆ ಉಳಿಯುವುದು ಕೊಲ್ಲುವುದು ಅಥವಾ ಸಾಯುವುದು ಮಾತ್ರ.

ಇಷ್ಟಾದರೂ ‘ಸ್ಪೇಸ್ ಹಲ್ಕ್’ ಬರಿಯ ಸಂಹಾರದ ಆಟವೆಂದು ತೀರ್ಮಾನಿಸಲಾಗದು. ಅದರ ಮೊದಲ ಕಾರ್ಯಾಚರಣೆಯಲ್ಲಿ ಯೋಧರ ಗುರಿ ಎಲ್ಲ ಶತ್ರುಗಳನ್ನು ಕೊಲ್ಲುವುದಲ್ಲ, ಒಂದು ಕೋಣೆಯನ್ನು ತಲುಪಿ ಅದಕ್ಕೆ ಬೆಂಕಿಯಿಡುವುದು. ಅಂದರೆ ಅವರು ಬಂದು ಹೋಗುವವರು. ಹಡಗಿನ ಕತ್ತಲೆಯಲ್ಲಿ ನೆಲೆಸಿರುವವು ಜೀನ್‌ಸ್ಟೀಲರ್‌ಗಳು. ‘ಅನ್ಯ’ ಎಂದು ಕರೆಸಿಕೊಂಡ ಪಡೆಯೇ ಪಟದ ಮೇಲೆ ಮನೆಯುಳ್ಳದ್ದು, ‘ನಾವು’ ಎಂದು ಕರೆದುಕೊಂಡ ಪಡೆ ಹೊರಗಿನಿಂದ ನುಗ್ಗಿದ್ದು. ಹುಲಿ-ಕುರಿ ಆಟದ ಆರಂಭದ ಸ್ಥಿತಿಯೂ ಇದೇ: ಹುಲಿ ಮೊದಲೇ ಅಲ್ಲಿದೆ, ಕುರಿ ಒಂದೊಂದಾಗಿ ಬಂದು ನೆಲೆಯೂರುತ್ತದೆ. ಕುಮಟಾ ತಾಲೂಕಿನ ಹೊಳನಗದ್ದೆಯಂಥ ಊರುಗಳ ಭೂಗೋಳವನ್ನು ಬಲ್ಲವರಿಗೆ ಈ ಪಟದ ವಿನ್ಯಾಸ ಬರಿಯ ಜ್ಯಾಮಿತಿಯಾಗಿ ಕಾಣದು. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿಯ ಕಾಡು, ನಡುವಣ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೆಂಗಿನ ತೋಟ, ಮನೆ. ಈ ಜಿಲ್ಲೆಯಲ್ಲಿ ಗದ್ದೆ ಎಂದರೆ ಬಹುಮಟ್ಟಿಗೆ ಕಾಡಿನಿಂದಲೋ ಕಡಲಿನಿಂದಲೋ ಒಂದೊಂದು ಮನೆಯಾಗಿ ಪಡೆದುಕೊಂಡ ನೆಲ.

ಉತ್ತರ ಕನ್ನಡದ ಜನ ಹುಲಿಯನ್ನು ‘ಹುಲಿಯಪ್ಪ’ ಎಂದು, ‘ಹುಲಿದೇವರು’ ಎಂದು ಕಲ್ಲು ನೆಟ್ಟು ಪೂಜಿಸುತ್ತ ಬಂದಿದ್ದಾರೆ. ದೀಪಾವಳಿಯ ಗೋಪೂಜೆಯ ದಿನಗಳಲ್ಲಿ ಹುಲಿಗೂ ಕಾಣಿಕೆ ಸಲ್ಲುತ್ತದೆ. ದನ ತಿನ್ನುವವನಿಗೂ ದನದ ಹಬ್ಬದಲ್ಲಿ ಪಾಲಿದೆ. ಹುಲಿಯನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದ ಬ್ರಿಟಿಷ್ ಸರಕಾರದ ದೃಷ್ಟಿಗೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಗೂ ಈ ದೃಷ್ಟಿ ಪೂರ್ತಿ ಹೊಂದುವುದಿಲ್ಲ. ಮೊದಲನೆಯದು ಹುಲಿಯನ್ನು ಅಳಿಸಬೇಕೆಂದಿತು. ಎರಡನೆಯದು, 2007ರಲ್ಲಿ ಇದೇ ಜಿಲ್ಲೆಯ ಅಣಶಿ-ದಾಂಡೇಲಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ರೂಪುಗೊಂಡು, ಅದಕ್ಕೆ ಪ್ರತ್ಯೇಕವಾದ ಎಲ್ಲೆಯನ್ನು ಗುರುತಿಸಿತು. ಹುಲಿ ಕಟ್ಟುವ ಆಟದ ತಿಳಿವು ಇವೆರಡಕ್ಕಿಂತ ಹಳೆಯದು ಹಾಗೂ ಹೆಚ್ಚು ಆತಂಕದ್ದು. ಅಲ್ಲಿ ಎಲ್ಲೆ ಎಂಬುದು ಒಮ್ಮೆ ಎಳೆದು ಮುಗಿಯುವ ಗೆರೆಯಲ್ಲ, ಪ್ರತಿ ನಡೆಯಲ್ಲೂ ಮೈಯೊಡ್ಡಿ ನಿಲ್ಲಿಸಬೇಕಾದದ್ದು. ಒಂದು ಕುರಿ ತಪ್ಪು ಮನೆಗೆ ಸರಿದರೆ ಕಟ್ಟು ಬಿಚ್ಚಿಹೋಗುತ್ತದೆ.

ಜೀನ್‌ಸ್ಟೀಲರ್ ಪಡೆಯ ಕಥೆ ‘ಸ್ಪೇಸ್ ಹಲ್ಕ್’ನೊಂದಿಗೆ ನಿಲ್ಲಲಿಲ್ಲ. 1989ರಲ್ಲಿಯೇ ಸಂಸ್ಥೆಯ ಮಾಸಪತ್ರಿಕೆಯಾದ ‘ವೈಟ್ ಡ್ವಾರ್ಫ್’ನಲ್ಲಿ ಅದಕ್ಕೆ ಹೊಸ ಆಯಾಮವೊಂದು ಬಂತು. ಜೀನ್‌ಸ್ಟೀಲರ್ ಮನುಷ್ಯನನ್ನು ಕೊಲ್ಲುವುದಷ್ಟೇ ಅಲ್ಲ, ತನ್ನ ಬೀಜವನ್ನು ಅವನಲ್ಲಿ ನೆಡುತ್ತದೆ. ಅವನ ಸಂತಾನ ಮಿಶ್ರಜಾತಿಯಾಗಿ ಹುಟ್ಟುತ್ತದೆ. ತಲೆಮಾರು ಕಳೆದಂತೆ ರೂಪ ಮನುಷ್ಯನಿಗೆ ಹತ್ತಿರವಾಗಿ, ನಾಲ್ಕನೆಯ ತಲೆಮಾರಿಗೆ ಗುರುತು ಹಿಡಿಯಲಾಗದಂತಾಗುತ್ತದೆ. ಈ ಕುಟುಂಬವೇ ಒಂದು ಗುಪ್ತಪಂಥವಾಗಿ ನಗರದಲ್ಲಿ ಬಾಳುತ್ತದೆ. ನಡುವೆ ಕುಳಿತ ಮೂಲಪುರುಷ, ಅವನ ಮಾತಿನ ಬಾಯಿಯಾದ ಮೇಗಸ್, ಸುತ್ತ ಮಿಶ್ರಸಂತಾನದ ಸೋದರರು. ಆ ಕಾಲದ ಸೈನ್ಯದ ಪಟ್ಟಿಯಲ್ಲಿ ಈ ಪಂಥದವರು ಐಷಾರಾಮಿ ಲಿಮೋಸಿನ್ ಕಾರಿನಲ್ಲಿ ಯುದ್ಧಕ್ಕೆ ಬರಬಹುದಿತ್ತು. ಇದರ ಹಾಸ್ಯ ಇಂದಿಗೂ ಮಾಸಿಲ್ಲ. ಥ್ಯಾಚರ್ ಕಾಲದ ಬ್ರಿಟನ್ನಿನಲ್ಲಿ ಊರನ್ನು ಒಳಗಿನಿಂದ ತಿನ್ನುವವರು ಕಪ್ಪುಗಾಜಿನ ಕಾರುಗಳಲ್ಲಿ ಬರುತ್ತಾರೆಂಬ ವ್ಯಂಗ್ಯ ಅದರಲ್ಲಿ ಇಲ್ಲವೆನ್ನಲಾಗದು.

ಆದರೂ ಈ ಕಲ್ಪನೆಯ ಗುಣದೋಷಗಳೆರಡನ್ನೂ ತೂಗಬೇಕು. ಅನ್ಯನು ನಮ್ಮೊಳಗೇ ಇದ್ದಾನೆ, ನಮ್ಮಂತೆಯೇ ಕಾಣುತ್ತಾನೆ, ಅವನ ಮಕ್ಕಳು ನಮ್ಮ ಮಕ್ಕಳಂತೆಯೇ ಇದ್ದಾರೆ, ಆದ್ದರಿಂದ ಯಾರನ್ನೂ ನಂಬಬಾರದು ಎಂಬ ಭಾವವನ್ನು ರಾಜಕೀಯದಲ್ಲಿ ಬಳಸಿಕೊಂಡವರ ಚರಿತ್ರೆ ಭಯಾನಕವಾದುದು. ವಲಸೆ ಬಂದವರ ಸಂತಾನದ ಬಗೆಗೆ ಯೂರೋಪಿನ ಊರುಗಳಲ್ಲಿ ಆಡಿದ, ಇಂದಿಗೂ ಆಡುತ್ತಿರುವ ಮಾತುಗಳಿಗೆ ಈ ಕಥೆ ಬಹಳ ಸಮೀಪದಲ್ಲಿ ಸುಳಿಯುತ್ತದೆ. ಆಟದ ಲೋಕ ತನ್ನ ಸಾಮ್ರಾಜ್ಯವನ್ನೇ ಕ್ರೂರವೂ ಹಾಸ್ಯಾಸ್ಪದವೂ ಆಗಿ ಚಿತ್ರಿಸಿಕೊಂಡಿರುವುದು ಒಂದು ಸಮಾಧಾನ. ಅದು ಪೂರ್ಣ ಸಮಾಧಾನವಲ್ಲ. ಗುಣವೆಂದರೆ, ಆಟಗಾರ ಈ ಪಂಥದ ಪಕ್ಷ ವಹಿಸಿದಾಗ ಅವನಿಗೆ ದೊರೆಯುವುದು ಒಂದು ಕುಟುಂಬ. ತಾಯಿತಂದೆಯರಿಗೆ ವಿಕಾರ ಶಿಶುವಿನ ಮೇಲೆ ಮಮತೆ, ಸೋದರರಿಗೆ ಪರಸ್ಪರ ನಿಷ್ಠೆ. ಮಾತಿಲ್ಲದ ಪ್ರಾಣಿಗೆ ಈ ಹಂತದಲ್ಲಿ ಬಾಯಿ ಬಂದಿತ್ತು. ರಕ್ಕಸನ ಒಡ್ಡೋಲಗಕ್ಕೆ ಇಂಗ್ಲಿಷ್ ಕಿರುಗೊಂಬೆ ತೀರ ಹತ್ತಿರ ಬಂದದ್ದು ಇಲ್ಲಿಯೇ. ತಾಳಮದ್ದಲೆಯ ರಾವಣ ತನ್ನ ಪಕ್ಷವನ್ನು ಸಮರ್ಥಿಸಿಕೊಳ್ಳುವಷ್ಟು ದೂರ ಮೇಗಸ್ ಸಾಗಲಿಲ್ಲ, ಆದರೆ ದಾರಿ ತೆರೆದಿತ್ತು.

ಆ ದಾರಿ ಮುಚ್ಚಿದ್ದು 1995ರಲ್ಲಿ. 1993ರಲ್ಲಿ ಆಟದ ಎರಡನೆಯ ಆವೃತ್ತಿ ಬಂದಿತ್ತು. ಅದಕ್ಕೆ ಪೂರಕವಾಗಿ ಆ್ಯಂಡಿ ಚೇಂಬರ್ಸ್ ರಚಿಸಿದ ಟಿರಾನಿಡ್ ಸೈನ್ಯದ ಗ್ರಂಥ 1995ರಲ್ಲಿ ಪ್ರಕಟವಾಯಿತು. ನಕ್ಷತ್ರಸಮೂಹಗಳನ್ನೇ ತಿಂದು ಸಾಗುವ, ಒಂದೇ ಮನಸ್ಸಿನಿಂದ ನಡೆಯುವ ಮಹಾಹಿಂಡಾಗಿ ಟಿರಾನಿಡ್‌ಗಳನ್ನು ಅದು ಪುನರ್ನಿರ್ಮಿಸಿತು. ಜೀನ್‌ಸ್ಟೀಲರ್ ಅದರ ಮುಂಚೂಣಿಯ ಒಂದು ಅಂಗವಾಯಿತು. ವಿನ್ಯಾಸದ ದೃಷ್ಟಿಯಿಂದ ಇದೊಂದು ಸಾಧನೆ. ಆಯುಧವೂ ಜೀವಿ, ವಾಹನವೂ ಜೀವಿ, ಹಡಗೂ ಜೀವಿ. ಚಿಪ್ಪು, ಉಗುರು, ಆರು ಅ���ಯವಗಳು ಎಲ್ಲ ಗೊಂಬೆಗಳಲ್ಲಿಯೂ ಒಂದೇ ವಂಶವನ್ನು ಸಾರುತ್ತವೆ. ದೊಡ್ಡ ಜೀವಿಗಳ ಸಾಮೀಪ್ಯ ತಪ್ಪಿದರೆ ಸಣ್ಣವು ದಿಕ್ಕುಗೆಡುತ್ತವೆಂಬ ನಿಯಮ ಅನ್ಯತ್ವವನ್ನು ಮನಸ್ಸಿನ ರಚನೆಗೂ ಒಯ್ದಿತು. ಆದರೆ ಹಸಿವೊಂದೇ ಪ್ರಯೋಜನವಾಗಿ ಉಳಿದಾಗ ಶತ್ರುವಿನೊಂದಿಗೆ ಮಾತಿಗೆ ಎಡೆಯೇ ಇಲ್ಲ. ಹುಲಿಗೂ ಹಸಿವೇ ಮುಖ್ಯವಲ್ಲವೇ ಎಂಬ ಆಕ್ಷೇಪ ಬರಬಹುದು. ಹುಲಿ ಹಸಿದಿದೆ, ನಿಜ. ಆದರೆ ಮೂರು ಹುಲಿಗಳ ಹಸಿವಿಗೆ ಪಟದ ಮೇಲೆ ಒಂದು ಅಳತೆಯಿದೆ, ಅದನ್ನು ಕಟ್ಟಬಹುದು. ಮಹಾಹಿಂಡಿನ ಹಸಿವಿಗೆ ಅಳತೆಯಿಲ್ಲ. ನಿರ್ಮೂಲನವೊಂದೇ ಉತ್ತರವೆಂದು ಕಥೆಯೇ ಒತ್ತಾಯಿಸುತ್ತದೆ. 1989ರ ಪಡೆಯನ್ನು ಹಿಂದಿರುಗಿ ನೋಡುವ ಹಳೆಯ ಆಟಗಾರರಲ್ಲಿ ಕಾಣುವ ವಿಷಾದವನ್ನು ಬರಿಯ ಯೌವನದ ಹಂಬಲವೆಂದು ತಳ್ಳಿಹಾಕಬಾರದು. ಅವರು ಕಳೆದುಕೊಂಡದ್ದು ಅಸಂಬದ್ಧವಾದ, ಅರೆಬರೆಯಾದ, ಆದರೆ ಮಾತನಾಡಬಲ್ಲ ಶತ್ರುವನ್ನು.

ಬಣ್ಣದ ವಿಚಾರವೊಂದು ಉಳಿದಿದೆ. ಜೀನ್‌ಸ್ಟೀಲರ್‌ನ ಚಿಪ್ಪಿಗೆ ನೀಲಿ, ಮೈಗೆ ನೇರಿಳೆ ಹಚ್ಚುವುದು ಹಳೆಯ ಸಂಪ್ರದಾಯ. ಹತ್ತಾರು ಗೊಂಬೆಗಳಿಗೆ ಪದರ ಪದರವಾಗಿ ಬಣ್ಣ ಹಚ್ಚಲು ವಾರಗಳೇ ಬೇಕು, ಒಂದು ಪೂರ್ಣ ಸೈನ್ಯಕ್ಕೆ ತಿಂಗಳುಗಳು. ಬಡಗಿನಲ್ಲಿಯೂ ತೆಂಕಿನಲ್ಲಿಯೂ ರಕ್ಕಸನಿಗೆ ‘ಬಣ್ಣ’ ಎಂದೇ ಹೆಸರು. ಆ ವೇಷ ಕಟ್ಟುವವನೂ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುತ್ತಾನೆ. ತನ್ನ ಕೈಯಾರೆ ಬಣ್ಣ ಹಚ್ಚಿದ ಅನ್ಯ ಆಟಗಾರನಿಗೆ ಆತ್ಮೀಯನಾಗುತ್ತಾನೆ ಎಂಬುದು ಕಿರುಗೊಂಬೆ ಯುದ್ಧಕ್ರೀಡೆಯ ವಿಶೇಷ. ಅಚ್ಚುಕಟ್ಟಾದ ಚದುರಂಗದ ಪೆಟ್ಟಿಗೆಯಲ್ಲಿ ಇದು ಸಾಧ್ಯವಿಲ್ಲ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹಣ ತೆತ್ತು, ತಿಂಗಳುಗಟ್ಟಲೆ ದುಡಿದು ಕಟ್ಟಿದ ಸೈನ್ಯವನ್ನು ಆಟಗಾರ ಎದುರಾಳಿಗೆ ಒಪ್ಪಿಸಿ ಅವನ ಸೈನ್ಯವನ್ನು ತಾನು ನಡೆಸುವುದು ಅಪರೂಪ. ಅವನು ಸದಾ ಅನ್ಯನೇ, ಅಥವಾ ಸದಾ ಯೋಧನೇ. ಹುಲಿ-ಕುರಿಯಲ್ಲಿ ಒಂದು ಆಟ ಮುಗಿದೊಡನೆ ಹುಲಿಯವನು ಕುರಿಯಾಗುತ್ತಾನೆ, ಕುರಿಯವನು ಹುಲಿಯಾಗುತ್ತಾನೆ. ಕಾಯಿಗಳು ಬೆಲೆಯಿಲ್ಲದವಾದ್ದರಿಂದಲೇ ಈ ಪಲ್ಲಟ ಸುಲಭ. ಪೆಟ್ಟಿಗೆಯೊಳಗೇ ಎರಡೂ ಪಕ್ಷಗಳನ್ನು ಹೊತ್ತು ಬಂದ ‘ಸ್ಪೇಸ್ ಹಲ್ಕ್’ ಈ ಗುಣವನ್ನು ಉಳಿಸಿಕೊಂಡಿತ್ತು. ಪ್ರತ್ಯೇಕ ಸೈನ್ಯಗಳ ಮಾರಾಟದಲ್ಲಿ ಅದು ಕೈತಪ್ಪಿತು.

2016ರಲ್ಲಿ ‘ಡೆತ್‌ವಾಚ್: ಓವರ್‌ಕಿಲ್’ ಎಂಬ ಪೆಟ್ಟಿಗೆಯಾಟದಲ್ಲಿ ಜೀನ್‌ಸ್ಟೀಲರ್ ಪಂಥ ಮತ್ತೆ ಕಾಣಿಸಿಕೊಂಡು, ಅದೇ ವರ್ಷ ಸ್ವತಂತ್ರ ಸೈನ್ಯವಾಗಿ ಮರುಜೀವ ಪಡೆಯಿತು. ಮೂಲಪುರುಷನೂ ಮೇಗಸ್ಸನೂ ಹಿಂದಿರುಗಿದರು. ಲಿಮೋಸಿನ್ ಹಿಂದಿರುಗಲಿಲ್ಲ. ಹೊಸ ಗೊಂಬೆಗಳು ತೊಟ್ಟಿರುವುದು ಗಣಿಕಾರ್ಮಿಕರ ಉಡುಪು. ಕೈಯಲ್ಲಿರುವುದು ಬಂಡೆ ಕೊರೆಯುವ ಯಂತ್ರ, ಕಲ್ಲು ಸೀಳುವ ಗರಗಸ, ಸ್ಫೋಟಕದ ಕಟ್ಟು. ಸಾಮ್ರಾಜ್ಯದ ಗಣಿಗಳಲ್ಲಿ ತಲೆಮಾರುಗಳಿಂದ ದುಡಿದು ಬಸವಳಿದವರೇ ಈಗ ಅನ್ಯಪಡೆ. ಇಪ್ಪತ್ತೇಳು ವರ್ಷಗಳ ಹಿಂದೆ ಕಪ್ಪುಗಾಜಿನ ಕಾರಿನಲ್ಲಿ ಕುಳಿತಿದ್ದ ಅನ್ಯ ಈಗ ನೆಲದಡಿಯಿಂದ, ಗುಂಪಾಗಿ, ಒಬ್ಬರ ಪಕ್ಕದಲ್ಲೊಬ್ಬರು ಒತ್ತೊತ್ತಾಗಿ ಮೇಲೆದ್ದು ಬರುತ್ತಾನೆ. ಅವನ ಎದುರಿಗೆ ನಿಂತಿರುವವರು ಕವಚ ತೊಟ್ಟ ಬೆರಳೆಣಿಕೆಯ ಬಲಿಷ್ಠರು.